ಶೇಕಡಾ ಒಂದರಿಂದ ನೂರು ಕೋಟಿಗೆ ಒಂದರವರೆಗೆ

ಕಾಫಿಯ ಎಲೆರೋಗಕ್ಕೆ ಮದ್ದು ಹುಡುಕಲೆಂದು 1915ರಲ್ಲಿ ಕೊಪ್ಪದಲ್ಲಿ ಒಂದು ತಾತ್ಕಾಲಿಕ ಸಂಶೋಧನಾ ಘಟಕ ಶುರುವಾಯಿತು. ಹತ್ತು ವರ್ಷದ ನಂತರ, 1925ರಲ್ಲಿ, ಮೈಸೂರು ಸರ್ಕಾರ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರವನ್ನು ಸ್ಥಾಪಿಸಿತು. 1944ರಲ್ಲಿ ಕಾಫಿ ಮಂಡಳಿಯ ಕೈಸೇರಿದ ಆ ಕೇಂದ್ರವೇ ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. ಅದಕ್ಕೆ ನೂರು ತುಂಬಿದ ಈ ಹೊತ್ತಿನಲ್ಲಿ ಹಿಂತಿರುಗಿ ನೋಡುವವರು ಸಾಮಾನ್ಯವಾಗಿ ತಳಿ, ಇಳುವರಿ, ಬೆಲೆಗಳ ಲೆಕ್ಕ ತೆಗೆಯುತ್ತಾರೆ. ಅವೆಲ್ಲ ಆಗಬೇಕಾದ ಲೆಕ್ಕಗಳೇ. ಆದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ತೋಟಗಳಲ್ಲಿ ಈ ನೂರು ವರ್ಷದಲ್ಲಿ ಸದ್ದಿಲ್ಲದೆ ಬದಲಾದದ್ದು ಇನ್ನೊಂದಿದೆ: ನೀರಿನಲ್ಲಿ, ಮಣ್ಣಿನಲ್ಲಿ, ಕಾಳಿನಲ್ಲಿ ಒಂದು ರಾಸಾಯನಿಕ ಎಷ್ಟಿದೆ ಎಂದು ಹೇಳುವ ಅಳತೆ.

ಅಜ್ಜನ ಕಾಲದಲ್ಲಿ ಆ ಅಳತೆ ಶೇಕಡಾ ಲೆಕ್ಕದಲ್ಲಿತ್ತು. ಅಪ್ಪನ ಕಾಲಕ್ಕೆ ಲೀಟರಿಗೆ ಇಷ್ಟು ಮಿಲಿಲೀಟರ್ ಎಂದಾಯಿತು. ಮಕ್ಕಳ ಕೈಗೆ ಬರುವ ವರದಿಯಲ್ಲಿ ಪಿಪಿಎಂ, ಪಿಪಿಬಿ ಎಂದಿರುತ್ತದೆ. ನೂರರಲ್ಲಿ ಒಂದು ಪಾಲು ಹೋಗಿ ಹತ್ತು ಲಕ್ಷದಲ್ಲಿ ಒಂದು ಬಂತು. ಅದೂ ಹೋಗಿ ನೂರು ಕೋಟಿಯಲ್ಲಿ ಒಂದು ಬಂತು. ಅಳತೆ ಸೂಕ್ಷ್ಮವಾದಷ್ಟೂ ಅಳೆಯುವ ಸಾಮರ್ಥ್ಯ ತೋಟದ ಅಂಗಳದಿಂದ ದೂರ ಸರಿಯಿತು. ಈ ಹಾದಿಯಲ್ಲಿ ಗಳಿಸಿದ್ದೇನು, ಕಳೆದುಕೊಂಡದ್ದೇನು ಎಂಬುದೇ ಈ ಸಿಂಹಾವಲೋಕನದ ವಿಷಯ.

ಚಾಕುವಿನ ಕಾಲ

ಅಡಿಕೆಯ ಕೊಳೆರೋಗ ಮಲೆನಾಡಿಗೆ ಹಳೆಯ ಶತ್ರು. ಮಳೆಗಾಲದಲ್ಲಿ ಎಳೆಕಾಯಿ ಕೊಳೆತು ಉದುರಿದರೆ ವರ್ಷದ ಆದಾಯವೇ ಮರದ ಬುಡದಲ್ಲಿ ಬಿದ್ದಂತೆ. ಹಿಂದೆ ಇದಕ್ಕಿದ್ದ ಉಪಾಯ ಕೊನೆಗೆ ಕೊಟ್ಟೆ ಕಟ್ಟಿ ಮಳೆನೀರು ತಾಗದಂತೆ ಮಾಡುವುದು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗದ ಶಿಲೀಂಧ್ರದ ಬೆನ್ನು ಹತ್ತಿದರು. 1910ರಲ್ಲಿ ಪ್ರಕಟವಾದ ಅವರ ಕೊಳೆರೋಗದ ವರದಿ ಇಂದಿಗೂ ಈ ವಿಷಯದ ಮೂಲ ದಾಖಲೆ. ಫ್ರಾನ್ಸಿನ ಬೋರ್ಡೋ ಪ್ರದೇಶದ ದ್ರಾಕ್ಷಿ ತೋಟಗಳಿಗಾಗಿ ಮಿಲ್ಲಾರ್ಡೆ 1885ರಲ್ಲಿ ಲೋಕಕ್ಕೆ ತಿಳಿಸಿದ ಮೈಲುತುತ್ತ-ಸುಣ್ಣದ ಮಿಶ್ರಣ ಅಡಿಕೆ ಮರವನ್ನು ಏರಿದ್ದು ಆ ಕಾಲದ ಕೆಲಸದಿಂದಲೇ.

ಆ ಮಿಶ್ರಣದ ಲೆಕ್ಕ ಎಷ್ಟು ಸರಳವೆಂದರೆ ಓದು ಬರಹ ಬಾರದವರೂ ಅದನ್ನು ತಪ್ಪಿಲ್ಲದೆ ಹೇಳಬಲ್ಲರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಅಡಿಕೆಗೆ ಶೇಕಡಾ ಒಂದು, ಕಾಫಿಯ ತುಕ್ಕುರೋಗಕ್ಕೆ ಅರ್ಧ. ಮೈಲುತುತ್ತವನ್ನು ಐವತ್ತು ಲೀಟರಿನಲ್ಲಿ, ಸುಣ್ಣವನ್ನು ಇನ್ನೈವತ್ತು ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ತಿಳಿಗೆ ಸುರಿಯಬೇಕು. ಹದ ಸರಿಯಿದೆಯೇ ಎಂದು ನೋಡಲು ಪ್ರಯೋಗಾಲಯ ಬೇಡ. ಉಜ್ಜಿದ ಕಬ್ಬಿಣದ ಚಾಕುವನ್ನು ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಅಲಗಿನ ಮೇಲೆ ಕೆಂಪು ಲೇಪ ಕಂಡರೆ ತಾಮ್ರ ಇನ್ನೂ ನೀರಿನಲ್ಲಿ ಕರಗಿದ ರೂಪದಲ್ಲೇ ಇದೆ, ಸುಣ್ಣ ಸಾಲದು ಎಂದರ್ಥ. ಹಾಗೆಯೇ ಹೊಡೆದರೆ ಎಳೆಕಾಯಿ, ಸಿಂಗಾರ ಸುಟ್ಟುಹೋಗುತ್ತವೆ. ಇನ್ನೊಂದಿಷ್ಟು ಸುಣ್ಣ ಹಾಕಿ ಚಾಕು ಬೆಳ್ಳಗೆ ಬರುವವರೆಗೆ ಸರಿಪಡಿಸಿದರಾಯಿತು.

ಈ ಚಾಕು ಒಂದು ರಾಸಾಯನಿಕ ವಿಶ್ಲೇಷಣೆಯ ಉಪಕರಣ. ಕಬ್ಬಿಣ ಕರಗಿ ಆ ಜಾಗದಲ್ಲಿ ತಾಮ್ರ ಕೂರುವ ಕ್ರಿಯೆಯನ್ನು ಅದು ಕಣ್ಣಿಗೆ ತೋರಿಸುತ್ತದೆ. ಬೆಳೆಗಾರ ತಾನೇ ಬೆರೆಸಿದ, ತಾನೇ ಪರೀಕ್ಷಿಸಿದ, ತಾನೇ ತಿದ್ದಿದ. ಶೇಕಡಾ ಎಂಬ ಅಳತೆಯ ಕಾಲದ ದೊಡ್ಡ ಗುಣ ಅದು.

ಅದರ ದೋಷವೂ ಅಲ್ಲೇ ಇತ್ತು. ಶೇಕಡಾ ಒಂದು ಎಂದರೆ ಯಾವುದರ ಶೇಕಡಾ ಒಂದು? ಮೈಲುತುತ್ತದ್ದು, ತಾಮ್ರದ್ದಲ್ಲ. ಮೈಲುತುತ್ತದ ಹರಳಿನಲ್ಲಿ ತಾಮ್ರದ ಪಾಲು ಸುಮಾರು ಕಾಲು ಭಾಗ. ಉಳಿದದ್ದು ಗಂಧಕ, ಆಮ್ಲಜನಕ ಮತ್ತು ನೀರು. ಹಾಗಾಗಿ ಶೇಕಡಾ ಒಂದರ ಬೋರ್ಡೋದಲ್ಲಿ ಲೀಟರಿಗೆ ಮೈಲುತುತ್ತ 10,000 ಮಿಲಿಗ್ರಾಂ, ತಾಮ್ರ ಸುಮಾರು 2,500 ಮಿಲಿಗ್ರಾಂ. ಒಂದೇ ಬ್ಯಾರಲ್ಲಿಗೆ ಎರಡು ಸಂಖ್ಯೆ, ಎರಡೂ ಸರಿ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ತಾಮ್ರದ ಸ್ವೀಕಾರಾರ್ಹ ಮಟ್ಟ ಲೀಟರಿಗೆ 0.05 ಮಿಲಿಗ್ರಾಂ. ಅಂದರೆ ನಾವು ಸಿಂಪಡಿಸುವುದು ಅದರ ಐವತ್ತು ಸಾವಿರ ಪಟ್ಟು ಗಟ್ಟಿಯಾದದ್ದು. ಶೇಕಡಾ ಲೆಕ್ಕದಲ್ಲಿ ಮಾತ್ರ ಯೋಚಿಸುವವರಿಗೆ ಈ ಅಂತರ ಕಾಣುವುದೇ ಇಲ್ಲ, 0.05 ಮಿಲಿಗ್ರಾಮನ್ನು ಶೇಕಡಾದಲ್ಲಿ ಬರೆದರೆ 0.000005. ಅಷ್ಟು ಸೊನ್ನೆಗಳ ನಡುವೆ ಒಂದು ಹೆಚ್ಚುಕಮ್ಮಿಯಾದರೂ ಗೊತ್ತಾಗದು. ತೀರಾ ತೆಳುವಾದ ದ್ರಾವಣಕ್ಕೆ ಬೇರೆ ಅಳತೆ ಬೇಕಾದದ್ದು ಈ ಕಾರಣಕ್ಕೆ.

ಬಾಟಲಿಯ ಕಾಲ

ಸ್ವಾತಂತ್ರ್ಯದ ಆಸುಪಾಸಿನಲ್ಲಿ ಡಿಡಿಟಿ ಬಂತು. ಮಲೇರಿಯಾದಿಂದ ಬಸವಳಿದಿದ್ದ ಮಲೆನಾಡಿಗೆ ಅದು ವರವಾಗಿಯೇ ಬಂತು. 1953ರಲ್ಲಿ ಶುರುವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಮನೆ ಮನೆಯ ಗೋಡೆಗೆ ಅದನ್ನು ಹೊಡೆಯಿತು. ಹಿಂದೆಯೇ ಬಿಎಚ್‌ಸಿ, ಎಂಡೋಸಲ್ಫಾನ್ ಬಂದವು, ಕೊನೆಗೆ ಶಿಲೀಂಧ್ರನಾಶಕಗಳ ದೊಡ್ಡ ಸಾಲೇ ಬಂತು. ಇವು ಕಿಲೋ ಲೆಕ್ಕದಲ್ಲಿ ಬೆರೆಸುವ ವಸ್ತುಗಳಲ್ಲ. ಮುಚ್ಚಳದಲ್ಲಿ ಅಳೆದು ಬ್ಯಾರಲ್ಲಿಗೆ ಸುರಿಯುವಂಥವು.

ಇಲ್ಲಿ ಹೊಸ ಗೊಂದಲವೊಂದು ಹುಟ್ಟಿತು. ಕಾಫಿಯ ತುಕ್ಕಿಗೆ ಬಳಸುವ ಹೆಕ್ಸಕೊನಜೋಲ್ ಶೇಕಡಾ 5ರ ದ್ರಾವಣವಾಗಿ ಸಿಗುತ್ತದೆ. ಲೀಟರ್ ನೀರಿಗೆ 2 ಮಿಲಿಲೀಟರ್, ಅಂದರೆ 200 ಲೀಟರಿನ ಬ್ಯಾರಲ್ಲಿಗೆ 400 ಮಿಲಿಲೀಟರ್. ಅಂಗಡಿಯಲ್ಲಿ ಇದನ್ನು ಶೇಕಡಾ 0.2 ಎನ್ನುತ್ತಾರೆ, ಪುಸ್ತಕದಲ್ಲಿ ಶೇಕಡಾ 0.01 ಎಂದಿರುತ್ತದೆ. ಜಗಳವಾಡಬೇಕಿಲ್ಲ, ಎರಡೂ ಒಂದೇ. ಮೊದಲನೆಯದು ಬಾಟಲಿಯಲ್ಲಿರುವ ಇಡೀ ದ್ರವದ ಲೆಕ್ಕ, ಎರಡನೆಯದು ಅದರೊಳಗಿನ ಅಸಲಿ ವಿಷದ ಲೆಕ್ಕ. 2 ಮಿಲಿಲೀಟರಿನಲ್ಲಿ ಶೇಕಡಾ 5 ಎಂದರೆ 0.1 ಗ್ರಾಂ, ಒಂದು ಲೀಟರಿಗೆ 100 ಮಿಲಿಗ್ರಾಂ, ಅದೇ 100 ಪಿಪಿಎಂ. ಕೆಲವು ವರ್ಷಗಳಿಂದ ಶೃಂಗೇರಿ, ಕೊಪ್ಪ, ನರಸಿಂಹರಾಜಪುರ, ಕಳಸ ಸೀಮೆಯನ್ನು ಕಾಡುತ್ತಿರುವ ಅಡಿಕೆಯ ಎಲೆಚುಕ್ಕೆ ರೋಗಕ್ಕೆ ಹೇಳುವ ಪ್ರೊಪಿಕೊನಜೋಲ್ ಶೇಕಡಾ 25ರದ್ದು. ಅದನ್ನು ಲೀಟರಿಗೆ 1 ಮಿಲಿಲೀಟರ್ ಹಾಕಿದರೆ 250 ಪಿಪಿಎಂ. ಮುಚ್ಚಳದ ಲೆಕ್ಕದಲ್ಲಿ ಇದು ಮೊದಲಿನದರ ಅರ್ಧ, ವಿಷದ ಲೆಕ್ಕದಲ್ಲಿ ಎರಡೂವರೆ ಪಟ್ಟು. ಒಂದು ಔಷಧಿಯ ಮುಚ್ಚಳದ ಲೆಕ್ಕವನ್ನು ಇನ್ನೊಂದಕ್ಕೆ ಹಾಕುವ ಅಭ್ಯಾಸ ತೋಟಗಳಲ್ಲಿ ಇನ್ನೂ ಹೋಗಿಲ್ಲ. ರೋಗದ ಕಾಟ ಹೆಚ್ಚಾದ ವರ್ಷ ಕೈ ಸ್ವಲ್ಪ ಧಾರಾಳವಾಗುವುದೂ ಹೊಸದೇನಲ್ಲ.

ಮುಖ್ಯವಾಗಿ, ಈ ದ್ರಾವಣಗಳಿಗೆ ಚಾಕು ಪರೀಕ್ಷೆ ಇಲ್ಲ. ಬ್ಯಾರಲ್ಲಿನೊಳಗೆ 100 ಪಿಪಿಎಂ ಇದೆಯೋ 300 ಇದೆಯೋ ಎಂದು ಬಣ್ಣ, ವಾಸನೆ ಹೇಳವು. ಬೆಳೆಗಾರ ಲೇಬಲ್ಲನ್ನು ನಂಬಬೇಕು, ಅಂಗಡಿಯವರನ್ನು ನಂಬಬೇಕು, ತನ್ನ ಮುಚ್ಚಳವನ್ನೂ ನಂಬಬೇಕು. ಪರೀಕ್ಷೆ ಹೋದ ಜಾಗದಲ್ಲಿ ನಂಬಿಕೆ ಬಂದು ಕೂತಿತು.

ಹತ್ತು ಲಕ್ಷಕ್ಕೆ ಒಂದು

ಪಿಪಿಎಂ ಎಂದರೆ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲು. ನೀರಿನ ವಿಷಯದಲ್ಲಿ ಒಂದು ಲೀಟರ್ ಹೆಚ್ಚುಕಡಿಮೆ ಒಂದು ಕಿಲೋ ತೂಗುವುದರಿಂದ ಲೀಟರಿಗೆ ಒಂದು ಮಿಲಿಗ್ರಾಮನ್ನೇ ಒಂದು ಪಿಪಿಎಂ ಎಂದು ಬಳಸುತ್ತಾರೆ. ನಮ್ಮ ಬ್ಯಾರಲ್ಲಿಗೆ ಇಳಿಸಿದರೆ 200 ಲೀಟರಿಗೆ 0.2 ಗ್ರಾಂ: ನೀರಿನಂಥ ದ್ರವವಾದರೆ ಸುಮಾರು ನಾಲ್ಕು ಹನಿ. ಪಿಪಿಬಿ ಎಂದರೆ ನೂರು ಕೋಟಿಗೆ ಒಂದು. ಒಂದು ಹನಿಗೆ 250 ಬ್ಯಾರಲ್. ಪಿಪಿಟಿ ಎಂದರೆ ಲಕ್ಷ ಕೋಟಿಗೆ ಒಂದು. ಒಂದು ಹನಿಗೆ ಎರಡೂವರೆ ಲಕ್ಷ ಬ್ಯಾರಲ್. ಸಾವಿರ, ಲಕ್ಷ, ಕೋಟಿಗಳಲ್ಲಿ ಎಣಿಸುವ ನಮಗೆ ಈ ಮೆಟ್ಟಿಲುಗಳು ಕಷ್ಟವಾಗಬೇಕಿಲ್ಲ. ಒಂದೊಂದು ಮೆಟ್ಟಿಲು ಇಳಿದಾಗಲೂ ಸಾವಿರ ಪಟ್ಟು ತೆಳುವಾಗುತ್ತದೆ ಎಂಬುದಷ್ಟನ್ನು ನೆನಪಿಟ್ಟರೆ ಸಾಕು.

ಪಿಪಿಎಂ ನಮ್ಮ ತೋಟಗಳಿಗೆ ಮೊದಲು ಬಂದದ್ದು ವಿಷದ ಹೆಸರಿನಲ್ಲಲ್ಲ. ಕಾಳುಮೆಣಸಿನ ಬಳ್ಳಿಯ ತುಂಡು ಬೇಗ ಬೇರು ಬಿಡಲೆಂದು ಅದ್ದುವ ಹಾರ್ಮೋನು ದ್ರಾವಣ 1000 ಪಿಪಿಎಂ, ಅಂದರೆ ಲೀಟರಿಗೆ ಒಂದು ಗ್ರಾಂ. ನಲ್ಲಿ ನೀರಿನ ಕ್ಲೋರಿನ್ ಕೂಡ ಅದೇ ಲೆಕ್ಕ. ಮನೆಯ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎನ್ನುತ್ತದೆ ಮಾನಕ. 50,000 ಲೀಟರಿನ ಟ್ಯಾಂಕಿಗೆ ಲೀಟರಿಗೆ 2 ಮಿಲಿಗ್ರಾಮಿನಂತೆ ಹಾಕಬೇಕೆಂದರೆ 100 ಗ್ರಾಂ ಕ್ಲೋರಿನ್, ಹೊಸ ಬ್ಲೀಚಿಂಗ್ ಪೌಡರಿನಲ್ಲಿ ಸುಮಾರು 300 ಗ್ರಾಂ. ಪಂಚಾಯಿತಿಯ ನೀರುಗಂಟಿ ದಿನಬೆಳಗಾದರೆ ಮಾಡುವ ಕೆಲಸ ಇದೇ ಗಣಿತ. ಇಲ್ಲಿ ಸಂಖ್ಯೆ ಮಿತಿಗಿಂತ ಕಡಿಮೆಯಾದರೆ ಅಪಾಯ. ಪಿಪಿಎಂ ಎಂದ ಕೂಡಲೇ ವಿಷವೆಂದು ಹೌಹಾರುವವರು ಇದನ್ನು ಗಮನಿಸಬೇಕು.

2015ರಲ್ಲಿ ಮಣ್ಣು ಆರೋಗ್ಯ ಚೀಟಿ ಬಂದ ಮೇಲೆ ಪಿಪಿಎಂ ಮನೆ ಮನೆಗೂ ಬಂತು. ಆ ಒಂದೇ ಚೀಟಿಯಲ್ಲಿ ಸಾವಯವ ಇಂಗಾಲ ಶೇಕಡಾದಲ್ಲಿದೆ, ಸಾರಜನಕ-ರಂಜಕ-ಪೊಟ್ಯಾಷ್ ಹೆಕ್ಟೇರಿಗೆ ಕಿಲೋ ಲೆಕ್ಕದಲ್ಲಿವೆ, ಸತು-ಬೋರಾನ್-ತಾಮ್ರ ಪಿಪಿಎಂನಲ್ಲಿವೆ. ಮೂರು ಅಳತೆಗಳ ನಡುವೆ ಸೇತುವೆ ಎಲ್ಲಿ ಎಂದು ಚೀಟಿ ಹೇಳುವುದಿಲ್ಲ. ಸೇತುವೆ ಇದೆ, ಕಷ್ಟದ್ದೂ ಅಲ್ಲ. ಒಂದು ಹೆಕ್ಟೇರಿನ ಮೇಲ್ಪದರದ ಆರಂಗುಲ ಮಣ್ಣು ಸುಮಾರು 22 ಲಕ್ಷ ಕಿಲೋ ತೂಗುತ್ತದೆ. ಹಾಗಾಗಿ ಮಣ್ಣಿನಲ್ಲಿ ಒಂದು ಪಿಪಿಎಂ ಎಂದರೆ ಹೆಕ್ಟೇರಿಗೆ ಎರಡು ಕಿಲೋಗಿಂತ ಚೂರು ಹೆಚ್ಚು, ಎಕರೆಗೆ ಒಂದು ಕಿಲೋಗಿಂತ ಚೂರು ಕಡಿಮೆ. ಚೀಟಿಯ ಕೆಳಗೆ ಈ ಒಂದು ಸಾಲು ಅಚ್ಚಾಗಿದ್ದರೆ ಎಷ್ಟೋ ಬೆಳೆಗಾರರು ಅದನ್ನು ಟ್ರಂಕಿನಲ್ಲಿ ಇಡುವ ಬದಲು ಓದುತ್ತಿದ್ದರು.

ಅದೇ ಸೇತುವೆಯ ಮೇಲೆ ನಿಂತು ನಮ್ಮ ಬೋರ್ಡೋವನ್ನು ಮತ್ತೊಮ್ಮೆ ನೋಡೋಣ. ಶೇಕಡಾ ಒಂದರ ಬ್ಯಾರಲ್ ಒಂದರಲ್ಲಿ ತಾಮ್ರ ಅರ್ಧ ಕಿಲೋ. ಹೆಕ್ಟೇರಿಗೆ ವರ್ಷಕ್ಕೆ ಹತ್ತು ಬ್ಯಾರಲ್ ಎಂದು ಲೆಕ್ಕಕ್ಕೆ ಹಿಡಿದರೆ ಐದು ಕಿಲೋ ತಾಮ್ರ. ತಾಮ್ರ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ. ಮಣ್ಣಿನ ಸಾವಯವ ಅಂಶಕ್ಕೆ ಅಂಟಿಕೊಂಡು ಉಳಿಯುತ್ತದೆ. ಅಷ್ಟೂ ಮೇಲ್ಪದರದಲ್ಲೇ ಉಳಿದರೆ ವರ್ಷಕ್ಕೆ ಎರಡು ಪಿಪಿಎಂಗಿಂತ ಸ್ವಲ್ಪ ಹೆಚ್ಚು, ಐವತ್ತು ವರ್ಷಕ್ಕೆ ನೂರು ದಾಟುತ್ತದೆ. ಐರೋಪ್ಯ ಒಕ್ಕೂಟ ತನ್ನ ತೋಟಗಳಿಗೆ ಹಾಕಿಕೊಂಡಿರುವ ಮಿತಿ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ, ಅಂದರೆ ವರ್ಷಕ್ಕೆ ಸರಾಸರಿ ನಾಲ್ಕು. ಬೋರ್ಡೋ ಬಿಡಿ ಎಂದು ಹೇಳಲು ಈ ಲೆಕ್ಕ ತೆಗೆದದ್ದಲ್ಲ. ಕೊಳೆಗೆ ಅದಕ್ಕಿಂತ ನಂಬಿಕಸ್ಥ ಮದ್ದು ಇನ್ನೂ ಇಲ್ಲ. ಅಜ್ಜನ ಶೇಕಡಾ ಒಂದು ಮೊಮ್ಮಗನ ಚೀಟಿಯಲ್ಲಿ ಪಿಪಿಎಂ ಆಗಿ ಕೂತಿದೆ ಎಂಬುದನ್ನು ಒಂದೇ ಪುಟದಲ್ಲಿ ಕಾಣಲಿ ಎಂದು ತೆಗೆದದ್ದು.

ಸೊನ್ನೆ ಮಾಯವಾದ ಕಾಲ

ಪಿಪಿಎಂನಿಂದ ಪಿಪಿಬಿಗೆ ಜಗತ್ತು ಇಳಿದದ್ದು ಉಪಕರಣಗಳ ಕಾರಣದಿಂದ. 1957ರ ಹೊತ್ತಿಗೆ ಇಂಗ್ಲೆಂಡಿನ ಜೇಮ್ಸ್ ಲವ್‌ಲಾಕ್ ರೂಪಿಸಿದ ಎಲೆಕ್ಟ್ರಾನ್ ಸೆರೆಹಿಡಿಯುವ ಶೋಧಕ, ಕ್ಲೋರಿನ್ ಇರುವ ಕೀಟನಾಶಕಗಳನ್ನು ಹಿಂದೆಂದೂ ಕಾಣದಷ್ಟು ತೆಳುವಿನಲ್ಲಿ ಹಿಡಿಯತೊಡಗಿತು. 1962ರಲ್ಲಿ ಕೀಟನಾಶಕಗಳ ಹಾನಿಯ ಕುರಿತ ರೇಚಲ್ ಕಾರ್ಸನ್ ಪುಸ್ತಕ ಬಂತು. ಅಲ್ಲಿಯವರೆಗೆ ಇಲ್ಲ ಎಂದಿದ್ದ ಜಾಗದಲ್ಲೆಲ್ಲ ಇದೆ ಎಂಬ ಉತ್ತರ ಬರತೊಡಗಿತು. ಪದಾರ್ಥ ಹೆಚ್ಚಿದ್ದರಿಂದಲ್ಲ, ಕಣ್ಣು ಚುರುಕಾದದ್ದರಿಂದ. ಹಳೆಯ ಉಪಕರಣದ ಸೊನ್ನೆ ಹೊಸ ಉಪಕರಣದಲ್ಲಿ ಸೊನ್ನೆಯಾಗಿ ಉಳಿಯಲಿಲ್ಲ.

ಅಂಥ ಅಳತೆ ಕೈಯಲ್ಲಿಲ್ಲದಾಗ ಏನಾಗುತ್ತದೆ ಎಂಬುದಕ್ಕೆ ಮಲೆನಾಡಿನಲ್ಲೇ ಉದಾಹರಣೆಯಿದೆ. 1970ರ ದಶಕದ ಮಧ್ಯದಲ್ಲಿ ಸಾಗರದ ಹತ್ತಿರದ ಹಂದಿಗೋಡಿನಲ್ಲಿ ಕೀಲು ಸವೆಸಿ ಜನರನ್ನು ಕುಗ್ಗಿಸುವ ರೋಗ ಬೆಳಕಿಗೆ ಬಂದಾಗ, ಗದ್ದೆಯ ಏಡಿಯೊಳಗೆ ಸೇರಿದ ಕೀಟನಾಶಕವೇ ಕಾರಣವೆಂಬ ಶಂಕೆ ಹಬ್ಬಿತು. ನಂತರದ ಅಧ್ಯಯನಗಳು ಅದು ವಂಶಪಾರಂಪರ್ಯವಾಗಿ ಬರುವ ರೋಗವೆಂಬ ಕಡೆಗೆ ಬೆರಳು ತೋರಿದವು. ಕಾಸರಗೋಡಿನಲ್ಲಿ ಇದರ ತದ್ವಿರುದ್ಧ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಪಡ್ರೆಯಂಥ ಊರುಗಳ ಕನ್ನಡಿಗರು, ಪತ್ರಕರ್ತ ಶ್ರೀ ಪಡ್ರೆ, ಊರಿನ ವೈದ್ಯ ಮೋಹನ್ ಕುಮಾರ್ ವರ್ಷಗಟ್ಟಲೆ ಕೂಗಿದರು. ಆ ಕೂಗಿಗೆ ಅಧಿಕಾರಸ್ಥರು ಕಿವಿಗೊಟ್ಟದ್ದು 2001-02ರಲ್ಲಿ ನೀರು, ಮಣ್ಣು, ರಕ್ತದ ಮಾದರಿಗಳಲ್ಲಿ ಶೇಷ ಅಳೆದು ಬಂದ ಮೇಲೆ. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದರ ತಯಾರಿಕೆ, ಮಾರಾಟ, ಬಳಕೆಗೆ ತಡೆ ಹಾಕಿತು. ಒಂದೆಡೆ ಸಂಖ್ಯೆಯಿಲ್ಲದೆ ಶಂಕೆ ಬೆಳೆಯಿತು, ಇನ್ನೊಂದೆಡೆ ಸಂಖ್ಯೆಯಿಲ್ಲವೆಂದು ಸಂಕಟವನ್ನು ತಳ್ಳಿಹಾಕಲಾಯಿತು.

2003ರ ಆಗಸ್ಟ್‌ನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ತಂಪು ಪಾನೀಯಗಳಲ್ಲಿ ಕೀಟನಾಶಕವಿದೆಯೆಂದು ಹೇಳಿದಾಗ ಪಿಪಿಬಿ ಪತ್ರಿಕೆಗಳ ಮುಖಪುಟಕ್ಕೆ ಬಂತು. ಸಂಸತ್ತಿನ ಜಂಟಿ ಸಮಿತಿಯೂ 2004ರಲ್ಲಿ ಅದನ್ನು ಒಪ್ಪಿತು. ಅಂದು ಹಿಡಿದ ಅಳತೆಗೋಲು ಯುರೋಪಿನದು: ಒಂದೊಂದು ಕೀಟನಾಶಕಕ್ಕೆ ಲೀಟರಿಗೆ 0.1 ಮೈಕ್ರೋಗ್ರಾಂ, ಎಲ್ಲ ಸೇರಿ 0.5. ಈ 0.1 ಎಂಬುದು ಯಾವುದೇ ವಿಷದ ಪ್ರಾಣಾಂತಕ ಮಟ್ಟವಲ್ಲ. ಕುಡಿಯುವ ನೀರಿನಲ್ಲಿ ಕೀಟನಾಶಕ ಇರಲೇಬಾರದು ಎಂಬ ನಿಲುವನ್ನು ಸಂಖ್ಯೆಯಲ್ಲಿ ಬರೆದದ್ದು. ನಮ್ಮ ಮಾನಕ ಬೇರೆ ಹಾದಿ ಹಿಡಿಯಿತು. ಅದರಲ್ಲಿ ಎಂಡೋಸಲ್ಫಾನಿಗೆ 0.4, ಕ್ಲೋರ್‌ಪೈರಿಫಾಸಿಗೆ 30, ಆಲ್ಡ್ರಿನ್-ಡೀಲ್ಡ್ರಿನಿಗೆ 0.03 ಮೈಕ್ರೋಗ್ರಾಂ, ಒಂದೊಂದಕ್ಕೂ ಅದರದೇ ಮಿತಿ. ಒಂದು ನಿಲುವಿನ ಮಿತಿ, ಇನ್ನೊಂದು ಅಪಾಯದ ಮಿತಿ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ಇಷ್ಟು ಪಟ್ಟು ವಿಷ ಎಂದು ಶೀರ್ಷಿಕೆ ಕೊಡುವ ಚಾಳಿ ಅಂದು ಶುರುವಾದದ್ದು ಇನ್ನೂ ನಿಂತಿಲ್ಲ. ಈ ಮಾತು ಪತ್ರಿಕಾ ವೃತ್ತಿಯಲ್ಲಿರುವ ನಮಗೂ ಅನ್ವಯಿಸುತ್ತದೆ.

ಈಗ ಅದೇ ಅಳತೆ ನಮ್ಮ ಕಣದ ಬಾಗಿಲಿಗೇ ಬಂದಿದೆ. ಐರೋಪ್ಯ ಒಕ್ಕೂಟದಲ್ಲಿ ಪ್ರತ್ಯೇಕ ಮಿತಿ ಗೊತ್ತುಪಡಿಸದ ಕೀಟನಾಶಕಕ್ಕೆ ತಾನಾಗಿ ಅನ್ವಯವಾಗುವ ಮಿತಿ ಕಿಲೋಗೆ 0.01 ಮಿಲಿಗ್ರಾಂ, ಅಂದರೆ 10 ಪಿಪಿಬಿ. ನೂರು ಟನ್ ಕಾಳಿನಲ್ಲಿ ಒಂದು ಗ್ರಾಂ. ಹುರಿದ ಕಾಫಿಯಲ್ಲಿ ಓಕ್ರಾಟಾಕ್ಸಿನ್ ಎಂಬ ಬೂಸ್ಟಿನ ವಿಷಕ್ಕೆ 5 ಪಿಪಿಬಿ ಇದ್ದ ಮಿತಿ 2023ರಿಂದ 3ಕ್ಕೆ ಇಳಿಯಿತು. ಅದು ಯಾರೂ ಸಿಂಪಡಿಸಿದ್ದಲ್ಲ. ಮೋಡ ಮುಸುಕಿದ ದಿನಗಳಲ್ಲಿ ಸರಿಯಾಗಿ ಒಣಗದ ಹಣ್ಣಿನಲ್ಲಿ ತಾನಾಗಿ ಹುಟ್ಟುವಂಥದ್ದು. 2024ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್ ಭಾರತದ ಕೆಲವು ಮಸಾಲೆಗಳನ್ನು ಎಥಿಲೀನ್ ಆಕ್ಸೈಡಿನ ಕಾರಣಕ್ಕೆ ತಡೆದಾಗ, ದೇಶದ ಆಹಾರ ಪ್ರಾಧಿಕಾರ ಮಸಾಲೆಗಳ ಮೇಲಿನ ನೋಂದಾಯಿತವಲ್ಲದ ಕೀಟನಾಶಕಗಳ ಮಿತಿಯನ್ನು 0.01ರಿಂದ 0.1 ಮಿಲಿಗ್ರಾಮಿಗೆ ಏರಿಸಿದ್ದೂ ಚರ್ಚೆಗೆ ಬಂತು. ದಶಮಾಂಶ ಬಿಂದು ಒಂದು ಸ್ಥಾನ ಸರಿದರೆ ಹತ್ತು ಪಟ್ಟು. ಕಾಳುಮೆಣಸು ಬೆಳೆಯುವ ಸೀಮೆಯಲ್ಲಿ ಆ ಬಿಂದುವಿನ ಚಲನೆ ಬೆಲೆ ಪಟ್ಟಿಯಷ್ಟೇ ಮುಖ್ಯ ಸುದ್ದಿಯಾಗಬೇಕಿತ್ತು; ಆಗಲಿಲ್ಲ.

ಭದ್ರೆಯ ಲೆಕ್ಕ

ನೂರು ಕೋಟಿಗೆ ಒಂದು ಎಂದರೆ ಇಲ್ಲವೆಂದೇ ಲೆಕ್ಕ ಎನ್ನುವವರು ನರಸಿಂಹರಾಜಪುರದ ಅಂಚಿಗೆ ಬರುವ ಭದ್ರಾ ಹಿನ್ನೀರನ್ನು ನೋಡಬೇಕು. ಲಕ್ಕವಳ್ಳಿಯ ಅಣೆಕಟ್ಟಿನ ಸಾಮರ್ಥ್ಯ ಸುಮಾರು 71.5 ಟಿಎಂಸಿ, ಲೀಟರಿನಲ್ಲಿ ಎರಡು ಲಕ್ಷ ಕೋಟಿ. ತುಂಬಿದ ಜಲಾಶಯದಲ್ಲಿ ಒಂದು ವಸ್ತು ಒಂದು ಪಿಪಿಬಿ ಇದೆಯೆಂದರೆ ಅದರ ತೂಕ ಎರಡು ಟನ್. ಒಂದು ಪಿಪಿಟಿ ಇದೆಯೆಂದರೂ ಎರಡು ಕಿಲೋ. ಅದೇ ಎರಡು ಟನ್ ಬೇಸಿಗೆಯಲ್ಲಿ ನೀರು ಕಾಲು ಭಾಗಕ್ಕೆ ಇಳಿದಾಗ ನಾಲ್ಕು ಪಿಪಿಬಿಯಾಗಿ ಕಾಣುತ್ತದೆ, ಹೊಸದಾಗಿ ಒಂದು ಗ್ರಾಂ ಸೇರದಿದ್ದರೂ. ಜುಲೈನ ಮಾದರಿಯನ್ನೂ ಏಪ್ರಿಲ್‌ನ ಮಾದರಿಯನ್ನೂ ಹೋಲಿಸಿ ಮಾಲಿನ್ಯ ಹೆಚ್ಚಿತು, ಕಡಿಮೆಯಾಯಿತು ಎನ್ನುವುದು ಅರ್ಧ ಸತ್ಯ. ಸಾರತೆ ಒಂದು ಸಂಖ್ಯೆ, ಒಟ್ಟು ತೂಕ ಇನ್ನೊಂದು, ಎರಡೂ ಬೇಕು.

ಕುಡಿಯುವ ಮನುಷ್ಯನಿಗೆ ಸರಿಯಾದ ಮಿತಿ ಮೀನಿಗೆ ಸರಿಯಾಗದು ಎಂಬುದೂ ನೆನಪಿರಬೇಕು. ತಾಮ್ರ ಸೂಕ್ಷ್ಮ ಮೀನುಗಳನ್ನು ಲೀಟರಿಗೆ ಕೆಲವು ಹತ್ತು ಮೈಕ್ರೋಗ್ರಾಂನಲ್ಲೇ ಬಾಧಿಸಬಲ್ಲದು, ಅದೂ ಸುಣ್ಣದ ಅಂಶ ಕಡಿಮೆ ಇರುವ ಮೆದು ನೀರಿನಲ್ಲಿ ಹೆಚ್ಚು. ಮಲೆನಾಡಿನ ಹೊಳೆಗಳ ನೀರು ಮೆದು. ಶೃಂಗೇರಿಯ ತುಂಗಾ ತೀರದಲ್ಲಿ ಮೀನಿಗೆ ಅಕ್ಕಿ, ಮಂಡಕ್ಕಿ ಹಾಕುವ ನಾವು ಬೋರ್ಡೋ ಬ್ಯಾರಲ್ ತೊಳೆದ ನೀರನ್ನು ಹಳ್ಳಕ್ಕೆ ಬಿಡುವ ಮುನ್ನ ಈ ಲೆಕ್ಕ ಮಾಡಬೇಕು.

ಕೂಡಿ ಕಳೆದರೆ

ಗಳಿಕೆ ದೊಡ್ಡದು. ಅಜ್ಜ ಊಹಿಸಿಯೂ ಇರದಷ್ಟು ತೆಳುವಾದ ವಿಷವನ್ನು ಇಂದು ಹೆಸರು ಹಿಡಿದು, ತೂಕ ಹಾಕಿ ಹೇಳಬಹುದು. ಎಂಡೋಸಲ್ಫಾನ್ ಹೋದದ್ದು, ಎಷ್ಟೋ ಹಳೆಯ ವಿಷಗಳು ಅಂಗಡಿಯಿಂದ ಮಾಯವಾದದ್ದು ಈ ಸೂಕ್ಷ್ಮ ಅಳತೆಯ ಬಲದಿಂದ. ನಷ್ಟವೂ ಸಣ್ಣದಲ್ಲ. ಬೆಳೆಗಾರ, ನೀರುಗಂಟಿ, ಗೃಹಿಣಿ, ಇವರ ಕೈಗೆ ಬರುವ ವರದಿಗಳು ಅರ್ಥವಾಗದ ಅಕ್ಷರಗಳಾಗಿ ಉಳಿದಿವೆ.

ಅಕ್ಷರಗಳಲ್ಲೂ ದೋಷವಿದೆ. ಪಿಪಿಎಂ ಎಂದಾಗ ತೂಕಕ್ಕೆ ತೂಕವೋ, ಗಾತ್ರಕ್ಕೆ ತೂಕವೋ, ಗಾತ್ರಕ್ಕೆ ಗಾತ್ರವೋ ಎಂದು ಅದು ಹೇಳುವುದಿಲ್ಲ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ 420 ಪಿಪಿಎಂ ದಾಟಿದೆ ಎಂದಾಗ ಎಣಿಸಿದ್ದು ಅಣುಗಳನ್ನು, ನೀರಿನಲ್ಲಾದರೆ ಮಿಲಿಗ್ರಾಮನ್ನು. ಬ್ರಿಟಿಷರ ಬಿಲಿಯನ್ 1974ರವರೆಗೆ ಅಧಿಕೃತವಾಗಿ ಲಕ್ಷ ಕೋಟಿಯಾಗಿತ್ತು, ಅಮೆರಿಕದ್ದು ನೂರು ಕೋಟಿ. ಪಿಪಿಟಿ ಎಂಬುದನ್ನು ಕೆಲವರು ಸಾವಿರಕ್ಕೆ ಒಂದು ಎಂದೂ ಬಳಸುತ್ತಾರೆ. ಇಂಥ ಗೊಂದಲಗಳಿಂದಾಗಿಯೇ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಈ ಸಂಕ್ಷೇಪಗಳನ್ನು ಬಿಟ್ಟು ಕಿಲೋಗೆ ಮಿಲಿಗ್ರಾಂ, ಲೀಟರಿಗೆ ಮೈಕ್ರೋಗ್ರಾಂ ಎಂದು ಬಿಡಿಸಿ ಬರೆಯಿರಿ ಎನ್ನುತ್ತದೆ. ಬಿಡಿಸಿ ಬರೆದರೂ ಯಾವುದರ ಲೆಕ್ಕ ಎಂಬುದು ಬೇಕು. ನೈಟ್ರೇಟ್ 45 ಎಂದರೂ ನೈಟ್ರೇಟಿನೊಳಗಿನ ಸಾರಜನಕ 10 ಎಂದರೂ ಹೆಚ್ಚುಕಡಿಮೆ ಒಂದೇ ನೀರು.

ಆದ್ದರಿಂದ ನಮ್ಮ ಒತ್ತಾಯ ನಾಲ್ಕು. ಮೊದಲನೆಯದು ಪ್ರಯೋಗಾಲಯಗಳಿಗೆ: ಮಣ್ಣು, ನೀರು, ಕಾಳಿನ ವರದಿಯನ್ನು ಕನ್ನಡದಲ್ಲಿ, ಸಂಕ್ಷೇಪವಿಲ್ಲದ ಅಳತೆಯಲ್ಲಿ ಕೊಡಿ, ಪಕ್ಕದಲ್ಲಿ ಮಿತಿ ಎಷ್ಟು, ಆ ಮಿತಿ ಯಾರದ್ದು ಎಂದು ಬರೆಯಿರಿ. ಪತ್ತೆಯಾಗಿಲ್ಲ ಎಂದು ಬರೆಯುವಾಗ ನಿಮ್ಮ ಉಪಕರಣ ಎಷ್ಟರವರೆಗೆ ಕಾಣಬಲ್ಲದು ಎಂಬುದನ್ನೂ ಹೇಳಿ, 0.1 ಮಾತ್ರ ಕಾಣುವ ಉಪಕರಣಕ್ಕೆ ಪತ್ತೆಯಾಗದ ಸರಕು 0.01ರ ಮಾರುಕಟ್ಟೆಯಲ್ಲಿ ತಿರಸ್ಕೃತವಾಗಬಹುದು. ಎರಡನೆಯದು ಕೃಷಿ, ತೋಟಗಾರಿಕೆ ಇಲಾಖೆಗಳಿಗೆ ಮತ್ತು ಕಾಫಿ ಮಂಡಳಿಗೆ: ಶಿಫಾರಸನ್ನು ಬಾಟಲಿಯ ಲೆಕ್ಕದಲ್ಲೂ ಅಸಲಿ ವಿಷದ ಲೆಕ್ಕದಲ್ಲೂ, 200 ಲೀಟರ್ ಬ್ಯಾರಲ್ಲಿಗೆ ಎಷ್ಟು ಎಂದೂ ಒಟ್ಟಿಗೆ ಅಚ್ಚು ಹಾಕಿ. ಮೂರನೆಯದು ಗ್ರಾಮ ಪಂಚಾಯಿತಿಗಳಿಗೆ: 2019ರ ಜಲಜೀವನ ಯೋಜನೆಯಡಿ ಹಳ್ಳಿಗೆ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ತರಬೇತಿ ಕೊಡಬೇಕೆಂದಿದೆ. ಬಣ್ಣ ಹೋಲಿಸಿ ನೋಡುವ ಆ ಪೆಟ್ಟಿಗೆ ಕಪಾಟಿನಲ್ಲಿ ಕೂರದೆ, ಫಲಿತಾಂಶ ತಿಂಗಳು ಮತ್ತು ಜಾಗದ ಹೆಸರಿನೊಂದಿಗೆ ಪಂಚಾಯಿತಿ ಫಲಕದ ಮೇಲೆ ಬರಲಿ. ಬೋರ್ಡೋದ ಚಾಕು ಕೊಟ್ಟ ಸ್ವಾತಂತ್ರ್ಯದ ಒಂದಂಶವಾದರೂ ಹೀಗೆ ಮರಳಿ ಊರಿನ ಕೈಗೆ ಸಿಗುತ್ತದೆ.

ನಾಲ್ಕನೆಯದು ಓದುಗರಿಗೆ. ಎಷ್ಟು ಪಿಪಿಎಂ ಎಂದು ಯಾರಾದರೂ ಹೇಳಿದರೆ ಹೆದರುವ ಮುನ್ನ, ನಿರಾಳವಾಗುವ ಮುನ್ನವೂ, ಮೂರು ಪ್ರಶ್ನೆ ಕೇಳಿ: ಯಾವುದು, ಯಾವುದರಲ್ಲಿ, ಯಾರ ಮಿತಿಗೆ ಹೋಲಿಸಿ? ಉತ್ತರ ಸಿಗದಿದ್ದರೆ ಆ ಸಂಖ್ಯೆಯನ್ನು ಒಪ್ಪಬೇಡಿ. ವರದಿಯನ್ನು ಕೊಟ್ಟವರಿಗೇ ಹಿಂದಿರುಗಿಸಿ, ಬಿಡಿಸಿ ಬರೆದುಕೊಡಿ ಎಂದು ಕೇಳಿ.